ಬೋಡ್ರೋ ಒಪ್ಪಿದರೆ ಮಾತ್ರ

"ನನ್ನನ್ನ ಸಾಗಹಾಕೋಕೆ ನೀನೇ ಹೂಂ ಅಂದ್ಯಂತೆ?"

ಟೆರೆಲ್ ಬೋಡ್ರೋ ಬಾಗಿಲು ತಟ್ಟಲಿಲ್ಲ. ಬೆವರು ಆರದ ಆ ಆಜಾನುಬಾಹು ತಲೆ ಬಗ್ಗಿಸಿ ಒಳಬಂದು ರೋವೀನಾಳ ಮೇಜಿನ ಮುಂದೆ ನಿಂತುಬಿಟ್ಟ.

ಪಿಟ್ಸ್‌ಬರ್ಗ್ ಬಾಸ್ಕೆಟ್‌ಬಾಲ್ ತಂಡಕ್ಕೆ ಯಾವ ಟ್ರೇಡ್, ಅಂದರೆ ಆಟಗಾರರ ಅದಲುಬದಲು, ಲಾಭ, ಯಾವುದು ನಷ್ಟ ಎಂದು ತೂಗಿ ಹೇಳುವುದು ಅವಳ ಕೆಲಸ. ತಂಡದ ಆಟಗಾರನನ್ನು ಪ್ರೀತಿಸುವುದು ಕೆಲಸವಲ್ಲ, ಪ್ರೀತಿಸಿ ಸಿಕ್ಕಿಬಿದ್ದರೆ ಇರುವ ಕೆಲಸವೂ ಹೋಗುತ್ತದೆ. ಹಾಗಾಗಿ ಒಂದು ವರ್ಷದಿಂದ ಅವಳು, ಟೆರೆಲ್ ಇಬ್ಬರೂ ಇಲ್ಲಿ ಎದುರಾದಾಗ ಅಪರಿಚಿತರಂತೆ ತಲೆಯಾಡಿಸಿ, ನದಿಯಾಚೆಯ ಪಿರೋಗಿ ಕಡುಬಿನ ಅಂಗಡಿಯಲ್ಲಿ ಮಾತ್ರ ಕೈ ಹಿಡಿದುಕೊಳ್ಳುತ್ತಿದ್ದರು.

"ಬಾಗಿಲು ಹಾಕು."

"ಹಾಕಲ್ಲ. ಹೇಳು."

"ಹೌದು, ಅಂದೆ. ನೀನು ಕ್ಯಾನ್ಸಸ್ ಸಿಟಿಗೆ, ಅವರ ಫಾರ್ವರ್ಡ್ ಸ್ಯಾನ್ ಡಿಯಾಗೋಗೆ, ಸ್ಯಾನ್ ಡಿಯಾಗೋದ ಗಾರ್ಡ್ ನಮಗೆ. ನಮಗೆ ದೂರದಿಂದ ಬಾಸ್ಕೆಟ್ ಹಾಕೋರು ಬೇಕು, ಕ್ಯಾನ್ಸಸ್ ಸಿಟಿಗೆ ಬಾಸ್ಕೆಟ್ ಕಾಯೋರು ಬೇಕು. ಮೂರು ತಂಡಕ್ಕೂ ಲಾಭ."

"ನನಗೆ?"

"ನಿನಗೂ. ಇಲ್ಲಿ ಬೆಂಚ್ ಬಿಸಿ ಮಾಡ್ತಿದೀಯ. ಅಲ್ಲಿ ಮೊದಲ ಐವರಲ್ಲಿ ಆಡ್ತೀಯ. ಈ ವಯಸ್ಸಲ್ಲಿ ಇನ್ಯಾರು ಕರೀತಾರೆ?"

"ಅಬ್ಬಾ, ಎಷ್ಟು ಪ್ರೀತಿಯಿಂದ ಹೇಳ್ತೀಯ!"

ಅವಳಿಗೆ ರೇಗಿತು. "ಸುಳ್ಳು ಬರೆದು ನಿನ್ನ ಇಟ್ಕೋಬೇಕಿತ್ತಾ? ಆಮೇಲೆ ನಿನ್ನ ಮುಖ ನೋಡ್ದಾಗೆಲ್ಲ ನನಗೆ ಆ ಸುಳ್ಳೇ ಕಾಣೋದು. ಅಂಥ ಪ್ರೀತಿ ನನಗೆ ಬೇಡ."

ಆ ಟ್ರೇಡಿನಲ್ಲಿ ಒಂದಾದರೂ ಹುಳುಕು ಸಿಗಲಪ್ಪಾ ಎಂದು ಅವಳು ಎಷ್ಟು ತಡಕಾಡಿದ್ದಳೆಂದು ಅವನಿಗೇನು ಗೊತ್ತು! ಆದರೆ ಒಂದು ದಾರಿ ಉಳಿದಿತ್ತು. ಅವನದು ಒಂದೇ ವರ್ಷದ ಕರಾರು. ಅಂಥವರನ್ನು ಅವರ ಒಪ್ಪಿಗೆಯಿಲ್ಲದೆ ಯಾರೂ ಕಳಿಸುವಂತಿಲ್ಲ.

"ನೀನು ಬೇಡ ಅಂದ್ರೆ ಮುಗೀತು," ಎಂದಳು ಮೆಲ್ಲಗೆ. "ನಾನು ತಡೆಯಲ್ಲ."

ಅವನು ಅವಳನ್ನೇ ನೋಡಿದ. ಕೋಪ ಇಳಿಯಿತು. ತುಟಿಯ ಒಂದು ಮೂಲೆ ಮಾತ್ರ ಮೇಲೆದ್ದಿತು. ಆ ನಗು ಕಂಡರೆ ಅವಳಿಗೆ ಯಾವತ್ತೂ ಭಯ.

"ಇಷ್ಟೆಲ್ಲ ತೂಗಿದ್ರಿ ಮೇಡಂ, ಒಂದನ್ನ ಮರೆತುಬಿಟ್ರಿ," ಎಂದು ಹೊರಟೇಹೋದ.

ಮಧ್ಯಾಹ್ನ ಮ್ಯಾನೇಜರ್ ಗಸ್ ಹಾಫ್‌ಮನ್‌ನ ಕೋಣೆಯಲ್ಲಿ ಸ್ಪೀಕರ್ ಫೋನಿನ ಸುತ್ತ ಎಲ್ಲರೂ ಸೇರಿದರು. ಯಾರನ್ನು ಕೊಡುತ್ತೇವೆ, ಯಾರನ್ನು ಪಡೆಯುತ್ತೇವೆ ಎಂದು ಮೂರೂ ತಂಡಗಳು ಲೀಗಿನ ಕಚೇರಿಗೆ ಬಾಯಿಬಿಟ್ಟು ಓದಿ ಹೇಳುವವರೆಗೆ ಯಾವ ಟ್ರೇಡೂ ಟ್ರೇಡಲ್ಲ. ಓದು ಮುಗಿಯಿತು.

"ಬೋಡ್ರೋ ಒಪ್ಪಿದಾರಾ?" ಲೀಗಿನ ಹೆಂಗಸು ಕೇಳಿದಳು.

"ಒಪ್ಪಿದೀನಿ," ಎಂದ ಟೆರೆಲ್ ಬಾಗಿಲಲ್ಲಿ ನಿಂತು.

ರೋವೀನಾ ತಟ್ಟನೆ ಬಾಗಿಲತ್ತ ತಿರುಗಿದಳು. ನ್ಯಾಯವೆಲ್ಲ ಒಂದು ಕಡೆಗಿರಲಿ, ಅವನು ಬೇಡ ಎನ್ನಲಿ ಎಂದೇ ಅವಳು ಕಾದಿದ್ದಳು.

ಫೋನ್ ಕಟ್ಟಾಯಿತು. "ಗಸ್," ಎಂದ ಟೆರೆಲ್, "ಈಗ ನಾನು ನಿಮ್ಮ ಆಟಗಾರನಾ?"

"ಇಲ್ಲಪ್ಪ. ಇನ್ನು ನೀನು ಕ್ಯಾನ್ಸಸ್ ಸಿಟಿಯವನು."

"ಹಾಗಾದ್ರೆ ನಿಮ್ಮ ನಿಯಮ ನನಗೆ ಅನ್ವಯಿಸಲ್ಲ." ಎಲ್ಲರೆದುರೇ ಅವನು ರೋವೀನಾಳತ್ತ ಕೈ ಚಾಚಿದ. "ಬಚ್ಚಿಟ್ಕೊಂಡು ಬದುಕೋದು ಸಾಕಾಯ್ತು. ದೂರ ಇದ್ರೂ ಪರವಾಗಿಲ್ಲ, ನಿನ್ನವನು ಅಂತ ಹೇಳ್ಕೊಂಡು ಇರ್ತೀನಿ. ಕೈ ಹಿಡ್ಕೊಂಡು ಹೊರಗೆ ಬರ್ತೀಯಾ?"

ತಾನು ತೂಗಲು ಮರೆತದ್ದು ಏನೆಂದು ಅವಳಿಗೆ ಆಗ ಹೊಳೆಯಿತು.

ಗಸ್‌ನ ಮುಖ ಕೆಂಪಾಯಿತು. "ರೋವೀನಾ! ಎಷ್ಟು ದಿನದಿಂದ ನಡೀತಿದೆ ಇದು?"

ಅಂಥದ್ದೇನೂ ಇಲ್ಲ ಎಂದಿದ್ದರೆ ಕೆಲಸ ಉಳಿಯುತ್ತಿತ್ತು. ಅವಳು ಎದ್ದು ನಿಂತಳು.

"ಒಂದು ವರ್ಷದಿಂದ. ಕೆಲಸದಿಂದ ತೆಗೀಬೇಕಂದ್ರೆ ತೆಗೀರಿ. ಆದ್ರೆ ಇವನ್ನ ಪ್ರೀತಿಸ್ತಿದ್ರೂ, ಇವನ್ನ ಕಳಿಸಿಬಿಡಿ, ತಂಡಕ್ಕೆ ಒಳ್ಳೇದಾಗತ್ತೆ ಅಂದೋಳು ನಾನು. ನನಗಿಂತ ನಿಯತ್ತಿನವರು ಸಿಕ್ರೆ ಧಾರಾಳವಾಗಿ ಇಟ್ಕೊಳ್ಳಿ."



ಅವಳು ಟೆರೆಲ್‌ನ ಕೈ ಹಿಡಿದು ಹೊರಗೆ ನಡೆದಳು. ಮುಂಬಾಗಿಲಲ್ಲಿ ಪತ್ರಕರ್ತರು ಟ್ರೇಡಿನ ಸುದ್ದಿಗಾಗಿ ಕ್ಯಾಮೆರಾ ಹಿಡಿದು ಹಿಮದಲ್ಲಿ ಕಾಯುತ್ತಿದ್ದರು. ಅವನ ಕಾಲು ರೂಢಿಯಂತೆ ಹಿಂಬಾಗಿಲ ಕಡೆ ತಿರುಗಿತು.

"ಆ ಕಡೆ ಎಲ್ಲಿಗೆ ಹೋಗ್ತೀಯೋ?" ಎಂದು ಅವಳು ಅವನನ್ನು ಮುಂಬಾಗಿಲಿಗೇ ಎಳೆದಳು.