ದೋಣಿಯ ಚಿತ್ರವಿದ್ದ ಪುಸ್ತಕ

"ನಿಮಗೇನಾದ್ರೂ ಮನುಷ್ಯತ್ವ ಇದ್ಯಾ?"

ಪುಸ್ತಕ ಧಪ್ಪನೆ ಮೇಜಿನ ಮೇಲೆ ಬಿತ್ತು. ಜ್ಞಾನವತಿ ಬೆಚ್ಚಿ ತಲೆಯೆತ್ತಿದಳು.

ಎದುರಿಗೆ ನಿಂತಿದ್ದವನು ಶ್ರೀನಿವಾಸಪ್ಪ. ದೇವರಾಯಸಮುದ್ರದ ರೈತ. ಹತ್ತು ದಿನದ ಹಿಂದೆ ಇದೇ ಅಂಗಡಿಗೆ ಬಂದು, "ಐದು ವರ್ಷದ ಮಗುಗೆ ಬೈಬಲ್ ಕಥೆ ಪುಸ್ತಕ ಬೇಕು. ಚಿತ್ರ ಜಾಸ್ತಿ ಇರ್ಲಿ" ಎಂದು ಸಂಕೋಚದಿಂದ ಕೇಳಿದ್ದವನು.

ಕೋಲಾರದ ಚರ್ಚ್ ಕಾಂಪೌಂಡಿನ ಆ ಪುಟ್ಟ ಪುಸ್ತಕದಂಗಡಿಗೆ ಹಳ್ಳಿಯ ರೈತರು ಬರುವುದೇ ಅಪರೂಪ. ಜ್ಞಾನವತಿ ಖುಷಿಯಿಂದ ಇದ್ದುದರಲ್ಲೇ ಚೆಂದದ್ದನ್ನು ಆರಿಸಿಕೊಟ್ಟಿದ್ದಳು. ತೆರೆದ ಕೂಡಲೇ, ಪ್ರಳಯದಲ್ಲಿ ಹತ್ತಿದವರನ್ನು ಉಳಿಸಿದ ನೋಹನ ದೊಡ್ಡ ದೋಣಿ, ಸುತ್ತ ಎರಡು ಪುಟದ ತುಂಬ ನೀಲಿ ನೀರು!

"ಏನಾಯ್ತು... ಪುಟ ಹರಿದಿತ್ತಾ?"

"ಆ ನೀರು ನೋಡಿ ನಮ್ಮ ರೂತಮ್ಮ ಕಿರುಚ್ಕೊಂಡು ಮಂಚದ ಕೆಳಗೆ ಸೇರ್ಕೊಂಡ್ಳು. ಎರಡು ದಿನ ಅನ್ನ ಮುಟ್ಟಿಲ್ಲ!" ಅವನ ಧ್ವನಿ ಒಡೆಯಿತು. "ಹೋದ ಮಳೆಗಾಲ ಕೆರೆ ಕೋಡಿ ಹರೀತಿದ್ದಾಗ ದಾಟೋಕೆ ಹೋಗಿ ಅವಳ ಅಪ್ಪ ಅಮ್ಮ ಇಬ್ರೂ ಕೊಚ್ಕೊಂಡು ಹೋದ್ರು. ಅವಳ ಕಣ್ಣೆದುರಿಗೇ..."

ಜ್ಞಾನವತಿ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು.

"ಮಗು... ನಿಮ್ಮದಲ್ವಾ?"

"ಅಣ್ಣನ ಮಗಳು. ಅತ್ತಿಗೆ ನಿಮ್ಮ ಜನ, ನರ್ಸ್ ಆಗಿದ್ರು. ದಿನಾ ಯೇಸಪ್ಪನ ಕಥೆ ಹೇಳ್ತಿದ್ರು. ಈಗ ಮಗು 'ಅಮ್ಮನ ಕಥೆ ಹೇಳು ಚಿಕ್ಕಪ್ಪಾ' ಅಂತಾಳೆ. ನನಗೆ ಒಂದೂ ಬರಲ್ಲ."

ಅಷ್ಟು ಹೇಳಿ ಹೊರಟೇಹೋದ.

'ನನಗೇನು ಗೊತ್ತಿತ್ತು ದೇವರೇ...' ಜ್ಞಾನವತಿ ಕುಸಿದು ಕೂತಳು. ಮದುವೆಯಾದ ಎರಡನೇ ವರ್ಷವೇ ಗಂಡನನ್ನು ಜ್ವರಕ್ಕೆ ಕಳೆದುಕೊಂಡವಳು ಅವಳು. ಸಾವಿನ ಮನೆ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಅಂಗಡಿಯಲ್ಲಿದ್ದ ಮಕ್ಕಳ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡಳು. ನೀರಿಲ್ಲದ ಒಂದು ಪುಸ್ತಕ ಸಿಕ್ಕರೆ ಸಾಕಿತ್ತು.

ಒಂದರಲ್ಲಿ ಸಮುದ್ರ ಇಬ್ಭಾಗವಾಗುತ್ತಿತ್ತು. ಇನ್ನೊಂದರಲ್ಲಿ ಯೋನನನ್ನು ಮೀನು ನುಂಗುತ್ತಿತ್ತು. ಮತ್ತೊಂದರಲ್ಲಿ ಬಿರುಗಾಳಿಗೆ ಸಿಕ್ಕ ದೋಣಿ, ಬಾಯಿ ತೆರೆದು ಕೂಗುವ ಜನ... ಇಷ್ಟು ವರ್ಷ ಮಾರಿದ್ದರೂ, ಈ ಕಥೆಗಳಲ್ಲಿ ಇಷ್ಟೊಂದು ನೀರಿದೆಯೆಂದು ಅವಳ ಗಮನಕ್ಕೇ ಬಂದಿರಲಿಲ್ಲ!

ಕೊನೆಗೆ ಎಂಟೇ ಪುಟದ ಒಂದು ತೆಳ್ಳನೆ ಪುಸ್ತಕ ಸಿಕ್ಕಿತು. ಕಳೆದುಹೋದ ಕುರಿಮರಿಯ ಕಥೆ. ಕಲ್ಲು, ಮುಳ್ಳು, ಗುಡ್ಡ. ಒಂದು ಹನಿ ನೀರಿಲ್ಲ. ಕುರುಬ ಮರಿಯನ್ನು ಹೆಗಲ ಮೇಲೆ ಹೊತ್ತು ಮನೆಗೆ ತರುತ್ತಿದ್ದ.

ಮರುದಿನವೇ ಮುಳಬಾಗಿಲಿನ ಬಸ್ಸು ಹತ್ತಿ, ದೇವರಾಯಸಮುದ್ರದಲ್ಲಿ ಇಳಿದು ಅವನ ಮನೆ ಕೇಳಿಕೊಂಡು ಹೋದಳು.

ಬಾಗಿಲಲ್ಲಿ ಎದುರಾದವರು ಶ್ರೀನಿವಾಸಪ್ಪನ ತಾಯಿ ಮುನಿಯಲ್ಲಮ್ಮ. "ಎವರಮ್ಮಾ ನುವ್ವು? ಯಾರು ನೀನು?"

"ಕೋಲಾರದ ಚರ್ಚ್ ಪುಸ್ತಕದಂಗಡಿಯಿಂದ ಬಂದಿದೀನಿ. ಮಗುಗೆ..."

"ಗೊತ್ತಾಯ್ತು ಬಿಡು! ಕೂಸನ್ನ ನಿಮ್ಮ ಹಾಸ್ಟೆಲಿಗೆ ಎತ್ಕೊಂಡು ಹೋಗೋಕೆ ಬಂದಿದೀಯ. ದೊಡ್ಡ ಮಗನ್ನ ನೀರಿಗೆ ಕೊಟ್ಟೆ, ಇದನ್ನೂ ನಿಮಗೆ ಕೊಡ್ಲಾ?"

ಶ್ರೀನಿವಾಸಪ್ಪ ಹೊರಗೆ ಬಂದ. ಮಗುವನ್ನು ಹಾಸ್ಟೆಲಿಗೆ ಸೇರಿಸಿ ಎಂದು ಅತ್ತಿಗೆಯ ತವರಿನಿಂದ ಆ ವಾರವಷ್ಟೇ ಕಾಗದ ಬಂದಿತ್ತು.

"ನಿಮ್ಮನ್ನ ಅವರೇ ಕಳಿಸಿದ್ದಾ?"

"ಇಲ್ಲ ರೀ, ಅವರು ಯಾರಂತಾನೂ ನನಗೆ..."

"ಸಾಕು. ಇನ್ನೊಂದು ಸಲ ಈ ಕಡೆ ಬರಬೇಡಿ."

ಪುಸ್ತಕವನ್ನು ಜಗಲಿಯ ಮೇಲಿಟ್ಟು ಹಿಂತಿರುಗಿದಳು. ಕಿಟಕಿಯ ಸರಳಿನ ಹಿಂದೆ ಒಂದು ಪುಟ್ಟ ಮುಖ ಕಂಡಿತು. ಬಸ್ಸಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ನಾಲ್ಕು ತಿಂಗಳು ಕಳೆದವು. ಅಂಗಡಿಯ ಬಾಗಿಲಲ್ಲಿ ನೆರಳಾಡಿದಾಗಲೆಲ್ಲ ಅವಳು ತಲೆಯೆತ್ತಿ ನೋಡುತ್ತಿದ್ದಳು. 'ಬೈದು ಕಳಿಸಿದವನಿಗೆ ಕಾಯ್ತಿದೀಯಲ್ಲ, ನಾಚಿಕೆ ಇಲ್ವಾ ನಿನಗೆ?' ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಅವನು ಬರಲೇ ಇಲ್ಲ. ಇನ್ನು ಬರುವುದಿಲ್ಲವೆಂದು ಮನಸ್ಸನ್ನು ಕಲ್ಲು ಮಾಡಿಕೊಂಡಳು.

ಒಂದು ಬೆಳಿಗ್ಗೆ ಬಂದ. ಇಳಿದುಹೋಗಿದ್ದ. ಗಡ್ಡ ಬೆಳೆದಿತ್ತು.

"ಆ ದೋಣಿ ಪುಸ್ತಕ ಇನ್ನೂ ಇದ್ಯಾ?"

"ಯಾಕೆ ರೀ... ಅದು ಬೇಡ!"

"ಅವಳೇ ಕೇಳ್ತಿದಾಳೆ. ಕುರಿಮರಿ ಕಥೆ ದಿನಾ ಓದ್ದೆ. ನಿನ್ನೆ ಇದ್ದಕ್ಕಿದ್ದಂಗೆ, 'ಆ ದೋಣೀಲಿ ಅಮ್ಮ ಹತ್ಕೊಂಡ್ಳಾ ಚಿಕ್ಕಪ್ಪಾ?' ಅಂದ್ಳು. ಹೂಂ ಅಂದ್ರೆ ಜೀವನ ಪೂರ್ತಿ ಬಾಗಿಲಲ್ಲಿ ಕಾಯ್ತಾಳೆ. ಇಲ್ಲ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ." ಅವನು ತಲೆ ತಗ್ಗಿಸಿದ. "ಅತ್ತಿಗೆ ತವರಿನವರನ್ನ ಕೇಳ್ದೆ. ನಿಮ್ಮ ಹೆಸರೇ ಅವರಿಗೆ ಗೊತ್ತಿಲ್ಲ. ತಪ್ಪು ನಂದು. ಆದ್ರೂ ಕೇಳ್ತೀನಿ... ಒಂದು ಸಲ ಬರ್ತೀರಾ?"

ಅವಳು ದೋಣಿಯ ಪುಸ್ತಕವನ್ನು ಎತ್ತಿಕೊಂಡು ಅಂಗಡಿಗೆ ಬೀಗ ಹಾಕಿದಳು.

ಜಗಲಿಯ ಮೇಲೆ ರೂತಮ್ಮ ತಾನೇ ಪುಟ ತಿರುಗಿಸಿದಳು. ನೀಲಿ ನೀರಿನ ಪುಟ ಬಂದಾಗ ಉಸಿರು ಬಿಗಿಹಿಡಿದಳು. ಕಿರುಚಲಿಲ್ಲ. ದೋಣಿಯ ಕಿಟಕಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದಳು.

"ಅಮ್ಮ ಎಲ್ಲಿ?"

ಮುನಿಯಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಅಮ್ಮ ಇದರಲ್ಲಿ ಇಲ್ಲ ಕಂದಾ," ಎಂದಳು ಜ್ಞಾನವತಿ. "ಅವಳಿಗೆ ದೋಣಿ ಸಿಗಲಿಲ್ಲ. ಅಪ್ಪನಿಗೂ ಸಿಗಲಿಲ್ಲ. ಅವರು ವಾಪಸ್ ಬರಲ್ಲ."

"ಅಮ್ಮ ನನ್ನ ದಡಕ್ಕೆ ತಳ್ಳಿಬಿಟ್ಳು..."

"ಹೂಂ ಚಿನ್ನಾ. ನೀನು ಬದುಕ್ಲಿ ಅಂತ."

ಮಗು ಅವಳ ಮಡಿಲಿಗೆ ಬಿದ್ದು ಅತ್ತಿತು. ಅಪ್ಪ ಅಮ್ಮ ಹೋದ ದಿನದಿಂದ ಒಮ್ಮೆಯೂ ಅಳದಿದ್ದ ಮಗು! ಅತ್ತು ಅತ್ತು ಅಲ್ಲೇ ನಿದ್ದೆಹೋಯಿತು.

"ಊಟ ಮಾಡ್ಕೊಂಡು ಹೋಗಮ್ಮಾ," ಎಂದರು ಮುನಿಯಲ್ಲಮ್ಮ, ಅವಳ ಮುಖ ನೋಡಲಾರದೆ.

ಊಟವಾದ ಮೇಲೆ ಶ್ರೀನಿವಾಸಪ್ಪ ಬಸ್ಸಿನವರೆಗೂ ಜೊತೆಗೆ ಬಂದ.

"ಮತ್ತೆ ಬರ್ತೀರಾ?" ನಿಲ್ದಾಣ ಹತ್ತಿರವಾದಾಗ ಕೇಳಿದ.

"ಮಗುಗೋಸ್ಕರ ಬರ್ತೀನಿ."

"ನನಗೋಸ್ಕರ?"

ಅವಳ ಕಾಲು ನಿಂತುಹೋಯಿತು. "ನಾನು ಗಂಡ ಸತ್ತವಳು ರೀ. ನನ್ನ ದೇವರು ಬೇರೆ, ನಿಮ್ಮ ದೇವರು ಬೇರೆ. ಊರವರು ಏನಂತಾರೆ?"

"ಅಣ್ಣ ಅತ್ತಿಗೇನ ಮದುವೆಯಾದಾಗ್ಲೇ ಅಷ್ಟೂ ಅಂದು ಮುಗಿಸಿದಾರೆ." ಅವನೂ ನಿಂತ. "ನೀವು ಬಂದ ದಿನ ಬೈದೆನಲ್ಲ, ಅವತ್ತಿಂದ ನಿಮ್ಮ ಮುಖಾನೇ ಕಣ್ಣಿಗೆ ಕಟ್ಟಿದೆ. ನೀವು ಬೇಕು ನನಗೆ. ಮನೇಲಿ ನಾನಾದ್ರೂ ಧೈರ್ಯವಾಗಿರ್ಬೇಕು ಅಂತ, ಅಣ್ಣ ಹೋದಾಗಿಂದ ಇವತ್ತಿನವರೆಗೂ ಅತ್ತಿಲ್ಲ. ನಿಮ್ಮೆದುರಿಗೆ ಮಾತ್ರ..."

ಜ್ಞಾನವತಿ ಅವನ ಕೈ ಹಿಡಿದುಕೊಂಡಳು.

"ಕೋಲಾರ, ಕೋಲಾರ!" ಬಸ್ಸು ಬಂದು ನಿಂತಿತು. ಅವಳು ಕದಲಲಿಲ್ಲ.

"ಬಸ್ಸು ಹೋಗ್ತಾ ಇದೆ..." ಎಂದ, ತುಂಬಿದ ಕಣ್ಣಲ್ಲೇ.

"ಹೋಗ್ಲಿ ಬಿಡಿ, ಇನ್ನೊಂದು ಬರತ್ತೆ. ನೀವು ಮೊದಲು ಅತ್ತುಬಿಡಿ... ನಾನಿಲ್ಲೇ ಇರ್ತೀನಿ."