ಜೋಳದ ಬೇರಿನಲ್ಲಿ ನೀಲಿ

ಕಂಬಳಿ ಹೊದ್ದು ಕತ್ತಲು ಮಾಡಿಕೊಂಡು ಡಾ. ಮಂದಾಕಿನಿ ಹಂಗರಗಿ ನೇರಳೆ ದೀಪ ಹಿಡಿದಳು. ಕಿತ್ತ ಕಡಲೆ ಗಿಡದ ಬೇರು ನೀಲಿಯಾಗಿ ಹೊಳೆಯಿತು. ಅವಳೇ ರೂಪಿಸಿದ ಕಾವಲು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿ, ಆ ಬೇರಿನಲ್ಲಿ ಮನೆ ಮಾಡಿ ಸೊರಗು ರೋಗವನ್ನು ಹೊರಗಿಟ್ಟಿತ್ತು. ಗುರುತು ಸಿಗಲೆಂದೇ ಅದಕ್ಕೆ ಹೊಳಪು ಸೇರಿಸಿದ್ದಳು. 2059ರ ಆ ಚಳಿಗಾಲ ಡೋಣಿ ಹೊಳೆಯ ಬಯಲಿನಲ್ಲಿ ಎರಡನೇ ವರ್ಷ ನಡೆದಿದ್ದ ಅವಳ ಪ್ರಯೋಗದ ಹೊಲದಲ್ಲಿ ಒಂದು ಗಿಡವೂ ಸೊರಗಿರಲಿಲ್ಲ.

ರಸ್ತೆಯಾಚೆಯ ಹೊಲದ ಗುರಬಸವ್ವ ಒಂದು ಜೋಳದ ಗಿಡ ಹಿಡಿದು ಬಂದಳು.

"ಅಕ್ಕಾರ, ನಮ್ಮ ಜ್ವಾಳ ತೆನಿನs ಹಾಕವಲ್ದು. ಬೇರು ನೋಡ್ರಿ."

"ನನ್ನ ಶಿಲೀಂಧ್ರ ಕಡ್ಲಿ ಬಿಟ್ಟು ಬ್ಯಾರೆ ಬೆಳಿ ಮುಟ್ಟಂಗಿಲ್ಲ ಆಯಿ. ನಲವತ್ತೆರಡು ಬೆಳಿ ಕುಂಡ್ಯಾಗಿಟ್ಟು ನೋಡೇನಿ," ಎಂದು ನಗುತ್ತಲೇ ಮಂದಾಕಿನಿ ಕಂಬಳಿಯೊಳಗೆ ದೀಪ ಹಿಡಿದಳು.

ಜೋಳದ ಬೇರೂ ನೀಲಿಯಾಗಿತ್ತು.

ರೊಟ್ಟಿಯ ನಾಡಿನಲ್ಲಿ ಜೋಳವೇ ಹೋದರೆ ಉಳಿಯುವುದೇನು?

"ಜ್ವಾಳದಾಗ ಕಡ್ಲಿ ಹಾಕೀರೇನು?"

"ಜ್ವಾಳದ ನಡುವ ಅಕ್ಕಡಿ ಸಾಲು ಇಡದs ಬಿಡ್ತೀವೇನ್ರಿ? ನಮ್ಮತ್ತಿ ಕಾಲದಿಂದ್ಲೂ ಹಾಕ್ತೀವಿ."

ಕುಂಡಗಳಲ್ಲಿ ಒಂದೊಂದೇ ಬೆಳೆ ಇತ್ತು. ಇಲ್ಲಿ ಎರಡು ಬೆಳೆಯ ಬೇರುಗಳು ಹೆಣೆದುಕೊಂಡಿದ್ದವು. ಕಡಲೆಯಲ್ಲಿ ಬಲಿತ ಶಿಲೀಂಧ್ರ ಪಕ್ಕದ ಬೇರಿಗೆ ದಾಟಿ ಜೋಳದ ಸಾರ ಹೀರಲು ಕಲಿತಿತ್ತು. ಆದರೆ ಅದು ಗಾಳಿಯಲ್ಲಿ ಹಾರುವುದಲ್ಲ, ಮಣ್ಣಿನ ಜೊತೆಯೇ ಹೋಗಬೇಕು. ತನ್ನ ಹೊಲ ಬಿಡುವಾಗಲೆಲ್ಲ ಅವಳು ಔಷಧದ ನೀರಿನಲ್ಲಿ ಬೂಟು ತೊಳೆಯುತ್ತಿದ್ದಳು. ಹಾಗಾದರೆ ರಸ್ತೆ ದಾಟಿಸಿದವರು ಯಾರು?

"ಹ್ವಾದ ಎಳ್ಳಮಾಸಿಗೆ ನಿಮ್ಮ ಹೊಲದಾಗ ಚರಗ ಚೆಲ್ಲಿ, ಹಂಗs ಬರಿಗಾಲಿಲೆ ನಮ್ಮ ಹೊಲಕ್ಕ ಉಣ್ಣಾಕ ಬಂದಿದ್ರೆಲ್ಲ," ಎಂದಳು ಗುರಬಸವ್ವ ಸಹಜವಾಗಿ.

ಮಂದಾಕಿನಿಗೆ ನೆನಪಾಯಿತು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲುವಾಗ ಕಾಲಲ್ಲಿ ಏನೂ ಇರಬಾರದೆಂದು ಆಳುಗಳು ಹೇಳಿದ್ದರು. ಗೌರವದಿಂದಲೇ ಬೂಟು ಬಿಚ್ಚಿದ್ದಳು. ಎರೆಮಣ್ಣು ಅಂಗಾಲಿಗೆ ದಪ್ಪಗೆ ಮೆತ್ತಿತ್ತು.

"ಅವತ್ತು ನಿಮ್ಮಲ್ಲಿ ಎಷ್ಟು ಮಂದಿ ಬಂದಿದ್ರು?"

"ಹನ್ನೊಂದು ಊರಿನ ಬೀಗರು. ಎಲ್ಲಾರೂ ಬರಿಗಾಲಿಲೆ. ಈ ಸಲದ್ದು ನಾಡದ್ದು ಅದ, ನೀವೂ ಬರ್ರಿ."

ಆ ಕಾಲುಗಳ ಮಣ್ಣಿನೊಂದಿಗೆ ಶಿಲೀಂಧ್ರ ಹನ್ನೊಂದು ಊರಿಗೂ ಹೋಗಿರಬಹುದು. ಮಂದಾಕಿನಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಈ ಸಲ ಯಾರನ್ನೂ ಕರೆಯಬೇಡಿರೆಂದು ಬೇಡಿಕೊಂಡಳು.

ಗುರಬಸವ್ವ ತಾನೂ ಕಂಬಳಿಯೊಳಗೆ ತಲೆಯಿಟ್ಟು ನೀಲಿ ಬೇರನ್ನು ನೋಡಿದಳು. "ಬೇಲಿನs ಎದ್ದು ಹೊಲ ಮೇದಂಗಾತು," ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ಕುಂಡ್ಯಾಗ ಇಟ್ಟು ನೋಡೂ ಮುಂದ, ನೀವು ಹ್ಯಾಂಗ ಬಿತ್ತತೀರಿ ಅಂತ ನಮ್ಮನ್ನ ಒಂದ್ ಮಾತು ಯಾಕ ಕೇಳಲಿಲ್ಲ, ಯವ್ವಾ?"