ಗಾಜಿನ ಮನೆಯಲ್ಲಿ ಆರದ ದೀಪ

ಹದಿನೆಂಟು ಡಾಲರಿಗೆ ಕೊಂಡ ಷೇರು ಮೂವತ್ತು ಸೆಂಟಿಗೆ ಇಳಿದ ವಾರ ಲೋರೇನ್ ಒಲೆ ಹಚ್ಚಿದ್ದೇ ಕಡಿಮೆ. 'ಮನೆ ಮಾರಾಟಕ್ಕಿದೆ' ಎಂಬ ಫಲಕ ಅಂಗಳದ ಹಿಮದಲ್ಲಿ ನಿಂತಿತ್ತು. ಗಂಡ ಸತ್ತ ಮೇಲೆ ಕೈಗೆ ಬಂದಿದ್ದ ವಿಮೆಯ ಹಣವೆಲ್ಲ ಪರವಾನಗಿ ಪಡೆದು ಗಾಂಜಾ ಬೆಳೆಯುವ 'ಗ್ರೇ ಹೆರಾನ್' ಎಂಬ ಕಂಪನಿಯ ಷೇರಿನಲ್ಲಿ ಕರಗಿಹೋಗಿತ್ತು. ಐದನೆಯ ದಿನ ಅವಳು ಪಕ್ಕದ ಮನೆಯ ಅಯೋನಾ ಮ್ಯಾಕ್‌ಲೀಶಳ ಬಾಗಿಲು ತಟ್ಟಿದಳು.

ಅಯೋನಾಗೆ ಎಪ್ಪತ್ತೆಂಟು. ಕ್ರಿಸ್ಮಸ್ಸಿಗೆ ಕೆಂಪು ಪಾಯಿನ್ಸೆಟಿಯಾ ಹೂಗಿಡ ಬೆಳೆಸುವ ಗಾಜಿನ ಮನೆಗಳಲ್ಲಿ ಮೇಲ್ವಿಚಾರಕಿಯಾಗಿದ್ದವಳು. ಲೋರೇನ್ ಹನ್ನೊಂದು ವರ್ಷ ಅವಳ ಕೈಕೆಳಗೆ ದುಡಿದಿದ್ದಳು. ಕಾಲ್ಡರ್ ಫಾಲ್ಸ್ ಊರಿನಲ್ಲಿ ಪೊಲೀಸರಿಗೆ ಹೇಳಲಾಗದ್ದನ್ನು ಜನ ಅಯೋನಾಗೆ ಹೇಳುತ್ತಿದ್ದರು. ಚರ್ಚಿನ ಬೆಳ್ಳಿ ಕದ್ದವರನ್ನೂ ನೆರೆಯವರ ನಾಯಿಗೆ ವಿಷವಿಟ್ಟವರನ್ನೂ ಅವಳು ಹಿಡಿದಾಗ ಕಾರು ಓಡಿಸಿದವಳು ಲೋರೇನೇ.

"ದುಡ್ಡು ವಾಪಸು ಬರಲ್ಲ, ಗೊತ್ತು. ನಮ್ಮಲ್ಲಿ ಸುಳ್ಳು ಬರೆದವಳು ಯಾರು ಅಂತ ಹೇಳಿ, ಸಾಕು," ಎಂದಳು ಲೋರೇನ್.

ಅವರದು ನಾಲ್ವರ ಷೇರು ಕೂಟ: ಲೋರೇನ್, ಶಾಲೆಯ ಬಸ್ಸು ಓಡಿಸುವ ಕೋರಲ್, ಗ್ರಂಥಾಲಯದ ಆರ್ಡಿತ್, ಕಂಪನಿಯ ಬೇಲಿಗೆ ಹೊಂದಿಕೊಂಡ ಮನೆಯ ನೆಸ್ಟಾ. ಕಾಗದದ ಲೆಕ್ಕ ಎಷ್ಟೇ ಚೆನ್ನಾಗಿರಲಿ, ತಮ್ಮಲ್ಲೊಬ್ಬಳು ಕಣ್ಣಾರೆ ನೋಡಿ ಬರುವವರೆಗೆ ಒಂದು ಷೇರನ್ನೂ ಕೊಳ್ಳಬಾರದೆಂಬುದು ಅವರ ಕಟ್ಟಳೆ. ಹಳೆಯ ಕರ್ಲಿಂಗ್ ಆಟದ ಬಹುಮಾನದ ಬಟ್ಟಲಿನಿಂದ ಚೀಟಿ ಎತ್ತುತ್ತಿದ್ದರು. ಗುರುತು ಹಾಕಿದ ಚೀಟಿ ಬಂದವಳು ಬಾಯಿ ಬಿಡದೆ ಹೋಗಿ ನೋಡಿ, ಕಂಡದ್ದನ್ನು ಗ್ರಂಥಾಲಯದ ಯಂತ್ರದಲ್ಲಿ ಹೆಸರಿಲ್ಲದೆ ಅಚ್ಚು ಮಾಡಿ, ಅದೇ ಬಟ್ಟಲಿನಲ್ಲಿ ಇಡಬೇಕು. ಗೆಳತಿಯ ಮುಖ ನೋಡಿ ಯಾರೂ ಕೊಳ್ಳೋಣವೆಂದು ಕೈ ಎತ್ತಬಾರದಲ್ಲ.

ಗ್ರೇ ಹೆರಾನ್ ಲಾಭದ ಮುಖವನ್ನೇ ಕಂಡಿಲ್ಲ, ಮಾರಾಟಕ್ಕೂ ಷೇರಿನ ಬೆಲೆಗೂ ತಾಳಮೇಳವಿಲ್ಲ ಎಂದು ಆರ್ಡಿತ್ ತಗಾದೆ ತೆಗೆದಿದ್ದಳು. ಬಟ್ಟಲಿನಲ್ಲಿ ಸಿಕ್ಕ ಒಂದು ಹಾಳೆ ಅವಳ ಬಾಯನ್ನೂ ಮುಚ್ಚಿಸಿತ್ತು. ಈಗ ಸರಕಾರದವರು ಕಂಪನಿಯ ಬಾಗಿಲು ತೆಗೆಸಿದಾಗ ಎಂಟು ಕೋಣೆಗಳಲ್ಲಿ ಏಳು ಖಾಲಿ. ನೋಡುವವರ ಕಣ್ಣಿಗೆಂದೇ ಬರಿಯ ಮೇಜುಗಳ ಮೇಲೆ ದೀಪ ಉರಿಸುತ್ತಿದ್ದರು.

ಅಯೋನಾ ಹಾಳೆ ಓದಿದಳು. "ಎಂಟೂ ಕೋಣೆಗಳಲ್ಲಿ ಗಿಡಗಳು ಮೈತುಂಬ ಹೂಬಿಟ್ಟಿವೆ. ಒಳಗೆ ಬಿಡುವ ಮುಂಚೆ ನನ್ನ ಉಂಗುರ ಬಿಚ್ಚಿಸಿ ತಟ್ಟೆಯಲ್ಲಿ ಇಡಿಸಿಕೊಂಡರು. ಬೆಳಗ್ಗೆ ಆರಕ್ಕೂ ನೋಡಿದೆ, ರಾತ್ರಿ ಒಂಬತ್ತಕ್ಕೂ ನೋಡಿದೆ, ಯಾವ ಕೋಣೆಯ ದೀಪವೂ ಆರಿರಲಿಲ್ಲ. ಅಷ್ಟು ಕೆಲಸ ನಡೆದಿದೆ."

ಇನ್ನೊಮ್ಮೆ ಓದಿದಳು. ಆಮೇಲೆ ಲೋರೇನಳ ಮುಖವನ್ನು ಬಹಳ ಹೊತ್ತು ನೋಡಿದಳು. ಕಂಪನಿಯಲ್ಲಿ ಕೆಲಸಕ್ಕಿದ್ದ ಪರಿಚಯದವರೊಬ್ಬರಿಗೆ ಫೋನು ಮಾಡಿ, ಭಾನುವಾರ ಎಲ್ಲರೂ ನೆಸ್ಟಾಳ ಮನೆಯಲ್ಲಿ ಸೇರಲಿ ಎಂದಳು.

ನೆಸ್ಟಾ ಬೆಣ್ಣೆ ಟಾರ್ಟ್ ಎಂಬ ಸಿಹಿ ಮಾಡಿಟ್ಟಿದ್ದಳು, ಯಾರೂ ಮುಟ್ಟಲಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಕಂಪನಿಯ ಬೂದು ಕೊಕ್ಕರೆಯ ಗುರುತಿನ ಅಂಗಿ ತೂಗುತ್ತಿತ್ತು. ಅದು ಅವಳ ಗಂಡ ಫ್ಲಾಯ್ಡನದು. ಅವನು ದುಡಿಯುತ್ತಿದ್ದ ಒಲೆ ಕಾರ್ಖಾನೆ ಮುಚ್ಚಿ, ಒಂಬತ್ತು ವರ್ಷ ಕೆಲಸವಿಲ್ಲದೆ ಕೂತ ಮೇಲೆ ಗ್ರೇ ಹೆರಾನಿನ ಪೊಟ್ಟಣ ಕಟ್ಟುವ ವಿಭಾಗದಲ್ಲಿ ಸಿಕ್ಕಿದ್ದ ಕೆಲಸ ಅದು. ಈಗ ಅವನು ನಡುಹಗಲಿನಲ್ಲೇ ಒಳಕೋಣೆಯಲ್ಲಿ ಮಲಗಿದ್ದ. ಕಿಟಕಿಯಾಚೆ, ಬೇಲಿಯ ಹಿಂದೆ, ಕಂಪನಿಯ ಗಾಜಿನ ಮನೆಗಳು ಕಪ್ಪಗೆ ನಿಂತಿದ್ದವು.

"ಬಂದೇಬಿಟ್ರಾ ನಮ್ಮ ನ್ಯಾಯಾಧೀಶರು," ಎಂದಳು ಕೋರಲ್. "ಯಾರನ್ನ ನೇಣಿಗೆ ಹಾಕ್ತೀರಿ?"

"ಯಾರನ್ನೂ ಇಲ್ಲ ಕಣೇ, ಕೂತ್ಕೋ." ಅಯೋನಾ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ಉಂಗುರ ಬಿಚ್ಚಿಸುವುದು ಕೆಲಸಗಾರರಿಗಷ್ಟೇ, ನೋಡಲು ಬಂದವರಿಗೆ ಕೈಗವಸು ಕೊಟ್ಟು ಬಿಡುತ್ತಾರೆ ಎಂದು ಫೋನಿನಲ್ಲಿ ತಿಳಿದದ್ದನ್ನು ಹೇಳಿದಳು. ಅಂದರೆ ಬರೆದವಳು ಒಳಗೆ ಕಾಲಿಟ್ಟಿಲ್ಲ. ಕೆಲಸಗಾರನೊಬ್ಬನ ಬಾಯಿಂದ ಕೇಳಿ ಬರೆದಿದ್ದಾಳೆ. ಇನ್ನು ಬೆಳಗ್ಗೆ ಆರಕ್ಕೆ, ರಾತ್ರಿ ಒಂಬತ್ತಕ್ಕೆ ಹೊರಗಿನವರನ್ನು ಯಾರು ಒಳಗೆ ಬಿಡುತ್ತಾರೆ? ಆರಕ್ಕೆ ಕೋರಲ್ ಬಸ್ಸಿನಲ್ಲಿರುತ್ತಾಳೆ. ಆರ್ಡಿತಳ ಮನೆ ಹೊಳೆಯಾಚೆ. ಎರಡು ಹೊತ್ತೂ ಆ ದೀಪಗಳು ಕಾಣುವುದು ಬೇಲಿಯ ಪಕ್ಕದ ಈ ಒಂದೇ ಅಡುಗೆಮನೆಯ ಕಿಟಕಿಯಿಂದ.

"ಆ ದೀಪದ ಮಾತೇ ಸುಳ್ಳನ್ನ ಹೊರಗೆ ಹಾಕ್ತು," ಎಂದಳು ಅಯೋನಾ. "ಗಾಂಜಾ ಹೂಬಿಡ್ಬೇಕಾದ್ರೆ ದಿನಾ ಹನ್ನೆರಡು ಗಂಟೆ ಕಗ್ಗತ್ತಲು ಬೇಕು. ನಮ್ಮ ಪಾಯಿನ್ಸೆಟಿಯಾ ಥರಾನೇ. ಸಂಜೆ ನಾಲ್ಕಕ್ಕೇ ಕಪ್ಪು ಬಟ್ಟೆ ಎಳೀತಿದ್ವಿ, ಆಮೇಲೆ ಯಾರಾದ್ರೂ ಟಾರ್ಚ್ ಹಾಕಿದ್ರೆ ಬೈತಿದ್ದೆ. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಹದಿನೈದು ಗಂಟೆ ದೀಪ ಉರಿಯೋ ಕೋಣೇಲಿ ಹೂವು ಎಲ್ಲಿಂದ ಬರುತ್ತೆ?"

ನೆಸ್ಟಾ ಕಿಟಕಿಯ ಪರದೆ ಎಳೆದಳು. ಈಗ ಎಳೆದು ಏನು ಫಲ ಎಂಬಂತೆ ಮತ್ತೆ ಸರಿಸಿದಳು.

"ಗೇಟಿನವರೆಗೂ ಹೋದೆ ಕಣ್ರೇ," ಎಂದಳು. "ಒಳಗೇನಾದ್ರೂ ಸರಿಯಿಲ್ದೇ ಇದ್ರೆ ಹಾಗೇ ಬರೀಬೇಕಾಗಿತ್ತಲ್ಲ. ಬರೆದ್ರೆ ಇಡೀ ಊರಿಗೆ ಗೊತ್ತಾಗೋದು, ಫ್ಲಾಯ್ಡ್ ಕೆಲಸ ಹೋಗೋದು. ಎಲ್ಲ ಕೋಣೆ ತುಂಬಿದೆಯಂತೆ ಅಂತ ಫ್ಲಾಯ್ಡ್ ಹೇಳಿದ್ದ, ಅವನಿಗೂ ಹಾಗೇ ಹೇಳಿದ್ರು. ಒಂಬತ್ತು ವರ್ಷ ಆದ್ಮೇಲೆ ಬೆಳಗ್ಗೆ ಎದ್ದು ಕೆಲಸಕ್ಕೆ ಅಂತ ಗಡ್ಡ ಹೆರ್ಕೊಳ್ತಿದ್ದ. ಆ ಸದ್ದು ಕೇಳ್ತಾ ಮಲಗಿರ್ತಿದ್ದೆ. ನನ್ನ ದುಡ್ಡೂ ಹೋಯ್ತು, ಅದು ಬಿಡಿ."

ಬೈಯಲೆಂದು ಬಂದಿದ್ದ ಕೋರಲ್ ಟಾರ್ಟಿನ ತಟ್ಟೆಯನ್ನು ಸುಮ್ಮನೆ ಆಚೆ ತಳ್ಳಿದಳು. ಇಷ್ಟು ದಿನ ಕಾದು ಇಟ್ಟುಕೊಂಡಿದ್ದ ಸಿಟ್ಟನ್ನು ಲೋರೇನ್ ತನ್ನೊಳಗೆ ಹುಡುಕಿದಳು. ಅದು ಸಿಗಲಿಲ್ಲ.

ಆಗ ಆರ್ಡಿತ್ ನಿಧಾನವಾಗಿ ತಿರುಗಿ ಕೇಳಿದಳು. "ಲೋರೇನ್, ಆ ಬಟ್ಟೇನ ಹನ್ನೊಂದು ವರ್ಷ ಎಳೆದವಳು ನೀನಲ್ವೇನೇ? ಹಾಳೆ ಓದಿದ ದಿನ ನಿನಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಿತ್ತು. ದೀಪ ಆರಿರಲಿಲ್ಲ ಎಂಬ ಸಾಲು ಕಿವಿಗೆ ಬಿದ್ದಾಗ ಅವಳ ಅಂಗೈಗೆ ಆ ದಪ್ಪ ಬಟ್ಟೆಯ ಒರಟು ಅಂಚು ತಾಗಿದಂತಾಗಿತ್ತು. ಸೋರದ ಚಾವಣಿ, ಬಾಡಿಗೆದಾರರಿಲ್ಲದ ಮಹಡಿ, ಯಾರ ಮುಂದೆಯೂ ಕೈಯೊಡ್ಡದ ಮುಪ್ಪು, ಇಷ್ಟೂ ಅಷ್ಟರಲ್ಲಾಗಲೇ ಅವಳ ಕಣ್ಣ ಮುಂದೆ ಕಟ್ಟಿ ನಿಂತಿದ್ದವು. ಅವಳು ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಿದ್ದಳು. ಕೊಳ್ಳೋಣ ಎಂದು ಎಲ್ಲರಿಗಿಂತ ಮೊದಲು ಎತ್ತಿದ್ದು ಅದೇ ಕೈ.

ಅವಳು ಅಯೋನಾಳತ್ತ ನೋಡಿದಳು. ಅಯೋನಾ ಕೋಟು ತೊಡುತ್ತ ಕಿಟಕಿಯಾಚೆ ನೋಡುತ್ತಿದ್ದಳು. ಅಯೋನಾಗೆ ಇದು ಮೊದಲ ದಿನವೇ ತಿಳಿದಿತ್ತು.

"ಕಾರು ತೆಗೀ ಲೋರೇನ್," ಎಂದಳು ಮೆಲ್ಲಗೆ. "ಬೇಗ ಕತ್ತಲಾಗುತ್ತೆ."